ಬೀಗ ಹಾಕಿದವರು ಯಾರು? ಡ್ರ್ಯಾಗನ್ ಡಿಬಗರ್ ಬಳಸಿದ ಮೇಲೆ

ಇಂಗ್ಲಿಷಿನಲ್ಲಿ ಬರೆದರೆ (drgn) ಇದರ ಹೆಸರಲ್ಲಿ ಒಂದೂ ಸ್ವರ ಇಲ್ಲ, ಓದುವುದು ಮಾತ್ರ ‘ಡ್ರ್ಯಾಗನ್’ ಅಂತ. ಫೇಸ್‌ಬುಕ್‌ನಲ್ಲಿ ಓಮರ್ ಸ್ಯಾಂಡೊವಲ್ ಶುರು ಮಾಡಿದ, ಪೈಥಾನ್‌ನಲ್ಲೇ ಪ್ರಶ್ನೆ ಕೇಳಬಹುದಾದ ಡಿಬಗರ್, ಅಂದರೆ ಪ್ರೋಗ್ರಾಂನ ಒಳಗೆ ಇಣುಕಿ ತಪ್ಪು ಹುಡುಕುವ ಟೂಲ್. ದುಡ್ಡು ಕೊಡಬೇಕಿಲ್ಲ, ಸೋರ್ಸ್ ಕೋಡ್ ಕೂಡ ಮುಕ್ತ. ನಾನು ನಾಲ್ಕು ದಿನ ಒದ್ದಾಡಿದ್ದ ಒಂದು ಬಗ್ ಇದರಿಂದ ಒಂದೇ ಮಧ್ಯಾಹ್ನದಲ್ಲಿ ಸಿಕ್ಕಿತು. ಲಿನಕ್ಸ್‌ನ ತಿರುಳಾದ ಕರ್ನಲ್‌ನ ಮೆಮೊರಿ ಭಾಗದಲ್ಲಿ ಕೆಲಸ ಮಾಡುವ ಕನ್ನಡದವರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ನಮ್ಮ ಬೆಂಗಳೂರಿನ ಲ್ಯಾಬ್‌ನಲ್ಲಿ ಎರಡು ನ್ಯೂಮಾ ನೋಡ್‌ಗಳ (ಪ್ರೊಸೆಸರ್ ಮತ್ತು ಅದಕ್ಕೆ ಹತ್ತಿರದ ಮೆಮೊರಿ ಸೇರಿದ ಗುಂಪುಗಳ) ಸರ್ವರ್ ಇದೆ. ಓಡುತ್ತಿರುವ ಪ್ರೊಸೆಸ್‌ನ ಮೆಮೊರಿಯನ್ನು 0ನೇ ನೋಡ್‌ನಿಂದ 1ನೇ ನೋಡ್‌ಗೆ ‘ಮೈಗ್ರೇಟ್‌ಪೇಜಸ್’ ಕಮಾಂಡ್‌ನಿಂದ ಸಾಗಿಸುವ ಟೆಸ್ಟ್ ಒಂದನ್ನು ಅದರ ಮೇಲೆ ಓಡಿಸುತ್ತೇವೆ. ಕೆಲವು ಸಲ ಆ ಕಮಾಂಡೇ ಅಲ್ಲಾಡದೆ ನಿಂತುಬಿಡುತ್ತಿತ್ತು. ಡಿ ಸ್ಟೇಟ್, ಅಂದರೆ ಎಬ್ಬಿಸಲಾಗದ ನಿದ್ದೆ. ಬಲವಂತವಾಗಿ ಕೊಲ್ಲುವ ಕಿಲ್ ಮೈನಸ್ 9ಕ್ಕೂ ಜಗ್ಗದು. 120 ಸೆಕೆಂಡ್ ಕಳೆದ ಮೇಲೆ ಟಾಸ್ಕ್ ಬ್ಲಾಕ್ ಆಗಿದೆ ಎಂದು ಕರ್ನಲ್ ಲಾಗ್ ಹೇಳುತ್ತಿತ್ತು. ಸ್ಟ್ಯಾಕ್ (ಯಾವ ಫಂಕ್ಷನ್ ಯಾವುದನ್ನು ಕರೆದಿದೆ ಎಂಬ ಸರಣಿ) ನೋಡಿದರೆ ಪೇಜ್ ಲಾಕ್‌ಗೆ, ಅಂದರೆ ಮೆಮೊರಿಯ ಒಂದು ತುಂಡಿನ ಬೀಗಕ್ಕೆ, ಕಾಯುತ್ತಿದೆ ಎಂಬಷ್ಟು ಸ್ಪಷ್ಟ.

ಪೇಜನ್ನು ಬೇರೆ ಕಡೆ ಸಾಗಿಸುವ ಮುಂಚೆ ಕರ್ನಲ್ ಅದನ್ನು ಲಾಕ್ ಮಾಡಲೇಬೇಕು. ಆಮೇಲೆ ಯಾವ ವಿಳಾಸ ಯಾವ ಪೇಜ್‌ಗೆ ಸೇರಿದೆ ಎಂದು ಹೇಳುವ ಪೇಜ್ ಟೇಬಲ್‌ನಲ್ಲಿ ಅದರ ಜಾಗಕ್ಕೆ ‘ಸಾಗಣೆಯಲ್ಲಿದೆ’ ಎನ್ನುವ ಮೈಗ್ರೇಶನ್ ಎಂಟ್ರಿ ಇಟ್ಟು, ಒಳಗಿನದನ್ನು ನಕಲು ಮಾಡಿ, ಕೊನೆಗೆ ಹೊಸ ಪೇಜ್‌ನತ್ತ ತಿರುಗಿಸುತ್ತದೆ. ಆ ಲಾಕ್ ಅಂದರೆ ಪೇಜ್‌ನ ಫ್ಲ್ಯಾಗ್‌ಗಳಲ್ಲಿ ಬರೀ ಒಂದು ಬಿಟ್. ಮ್ಯೂಟೆಕ್ಸ್ ಎಂಬ ಬಗೆಯ ಲಾಕ್ ಆಗಿದ್ದರೆ ಹಿಡಿದವರು ಯಾರೆಂದು ಅದರೊಳಗೇ ಇರುತ್ತಿತ್ತು. ಈ ಬಿಟ್‌ನಲ್ಲಿ ಅದಿಲ್ಲ. ಡಿಸ್ಕ್‌ನಿಂದ ಓದಲು ಒಬ್ಬರು ಲಾಕ್ ಮಾಡಿ ಹೋದರೆ, ಓದು ಮುಗಿದಾಗ ಬಿಡಿಸುವುದು ಇನ್ನೊಂದು ಕಡೆಯ ಕೋಡ್. ಹಾಗಾಗಿ 2006ರಿಂದ ಕರ್ನಲ್‌ನಲ್ಲಿರುವ, ಲಾಕ್‌ಗಳ ತಪ್ಪು ಬಳಕೆ ಪತ್ತೆಹಚ್ಚುವ ಲಾಕ್‌ಡೆಪ್ ಕೂಡ ಇದರ ಲೆಕ್ಕ ಇಡುವುದಿಲ್ಲ. ಮೂರು ದಿನ ಲಾಕ್‌ಡೆಪ್ ಹಾಕಿ ಓಡಿಸಿದೆವು, ಒಂದು ಸಾಲೂ ಬರಲಿಲ್ಲ.

ನನ್ನ ಮೊದಲ ಅನುಮಾನ 2023ರಲ್ಲಿ, ಕರ್ನಲ್ 6.3ರ ಹೊತ್ತಿಗೆ ಸೇರಿದ ಗುಂಪು ಮೈಗ್ರೇಶನ್ (ಹಲವು ಪೇಜ್‌ಗಳನ್ನು ಒಟ್ಟಿಗೆ ಸಾಗಿಸುವುದು) ಮೇಲೆ. ಕೆಲವು ಪೇಜ್‌ಗಳ ಲಾಕ್ ಹಿಡಿದುಕೊಂಡೇ ಇನ್ನೊಂದಕ್ಕೆ ಕಾಯುವುದರಿಂದ ಅಲ್ಲಿ ಡೆಡ್‌ಲಾಕ್ (ಒಬ್ಬರಿಗೊಬ್ಬರು ಕಾದು ಎಲ್ಲರೂ ನಿಂತುಬಿಡುವುದು) ಆಗುತ್ತಿತ್ತು. ಆದರೆ ಅದನ್ನು ಆಗಲೇ ಸರಿಪಡಿಸಿದ್ದರು, ನಮ್ಮ ಕರ್ನಲ್‌ನಲ್ಲೂ ಆ ತಿದ್ದುಪಡಿ ಇತ್ತು.

ನಾಲ್ಕನೇ ದಿನ ಡ್ರ್ಯಾಗನ್ ತೆರೆದೆ. ಮಷೀನ್ ನಿಲ್ಲಿಸಬೇಕಿಲ್ಲ, ಓಡುತ್ತಿರುವ ಕರ್ನಲ್‌ನ ಮೆಮೊರಿಯನ್ನೇ ಓದುತ್ತದೆ. ನಿಂತುಹೋದ ಟಾಸ್ಕ್‌ನ ಸ್ಟ್ಯಾಕ್ ತೆಗೆದು ಯಾವ ಫೋಲಿಯೊಗೆ (ಒಂದು ಅಥವಾ ಹೆಚ್ಚು ಪೇಜ್‌ಗಳ ಗುಂಪಿಗೆ) ಕಾಯುತ್ತಿದೆ ಎಂದು ಕೇಳಿದರೆ, ಆ ವೇರಿಯಬಲ್ ಇಲ್ಲ ಎಂದಿತು. ಕಂಪೈಲರ್ ಅದನ್ನು ಉಳಿಸಿರಲಿಲ್ಲ. ನನಗೆ ಇಷ್ಟವಾದದ್ದು ಇದರ ನಂತರದ ಭಾಗ. ಪೇಜ್‌ಗಾಗಿ ಕಾಯುವವರನ್ನೆಲ್ಲ ಕರ್ನಲ್ 256 ಸಾಲುಗಳ ಒಂದು ಟೇಬಲ್‌ನಲ್ಲಿ ಹಂಚಿ ಇಟ್ಟಿರುತ್ತದೆ. ಕಾಯುವ ಪ್ರತಿಯೊಬ್ಬರ ದಾಖಲೆಯಲ್ಲಿ ಫೋಲಿಯೊ, ಬಿಟ್ ಸಂಖ್ಯೆ, ಟಾಸ್ಕ್ ಮೂರೂ ಇವೆ. ಹನ್ನೊಂದು ಸಾಲಿನ ಪೈಥಾನ್ ಲೂಪ್ ಸಾಕಾಯಿತು. ಒಂದೇ ಸಾಲಿನಲ್ಲಿ ಬೇರೆ ಪೇಜ್‌ಗೆ ಕಾಯುವವರೂ ಸೇರಿರಬಹುದು, ಅದಕ್ಕೆ ಫೋಲಿಯೊ ವಿಳಾಸ ಹೋಲಿಸಿಯೇ ಮುಂದುವರಿಯಬೇಕು.

ಮೂವರು ಸಿಕ್ಕರು: ನಮ್ಮ ಕಮಾಂಡ್, ಜೊತೆಗೆ ಅದೇ ಪೇಜ್‌ಗೆ ಬರೆಯಲು ಬಂದ ಎರಡು ಪ್ರೊಸೆಸ್‌ಗಳು. ಫ್ಲ್ಯಾಗ್ ಬಿಡಿಸಿ ನೋಡಿದರೆ ಲಾಕ್ ಇದೆ, ಡೇಟಾ ಪೂರ್ತಿ ಬಂದಿದೆ, ರೈಟ್‌ಬ್ಯಾಕ್ (ಡಿಸ್ಕ್‌ಗೆ ಬರೆಯುವುದು) ನಡೆಯುತ್ತಿಲ್ಲ. ಅಂದರೆ ಡಿಸ್ಕ್ ಕಡೆಯಿಂದ ಬರಬೇಕಾದದ್ದು ಏನೂ ಬಾಕಿ ಇಲ್ಲ. ಫೋಲಿಯೊದಿಂದ ಐನೋಡ್ (ಫೈಲ್ ಬಗ್ಗೆ ಕರ್ನಲ್ ಇಡುವ ದಾಖಲೆ), ಐನೋಡ್‌ನಿಂದ ಫೈಲ್‌ನ ಹೆಸರು. ಆ ಫೈಲನ್ನು ಮ್ಯಾಪ್ ಮಾಡಿಕೊಂಡಿದ್ದ (ಮೆಮೊರಿಯಂತೆ ನೇರವಾಗಿ ಬಳಸುತ್ತಿದ್ದ) ಒಂದು ಪ್ರೊಸೆಸ್ ಹಿಂದಿನ ರಾತ್ರಿಯೇ ಬಸ್ ಎರರ್‌ನಿಂದ ಸತ್ತಿದೆ ಎಂದು ಲಾಗ್‌ನಲ್ಲಿತ್ತು. ಆಗ ಹೊಳೆಯಿತು. ನಮ್ಮದೇ ಫೈಲ್‌ಸಿಸ್ಟಂ ಮಾಡ್ಯೂಲ್, ಮ್ಯಾಪ್ ಆದ ಪೇಜ್‌ಗೆ ಮೊದಲ ಸಲ ಬರೆಯುವಾಗ ಲಾಕ್ ಹಿಡಿದು ಡಿಸ್ಕ್‌ನಲ್ಲಿ ಜಾಗ ಕೇಳುತ್ತದೆ. ಜಾಗ ಇಲ್ಲವೆಂದಾಗ ಲಾಕ್ ಬಿಡದೆಯೇ ಎರರ್ ಹಿಂತಿರುಗಿಸುತ್ತಿತ್ತು; ಆ ಎರರ್‌ನಿಂದಲೇ ಬಸ್ ಎರರ್ ಬಂದು ಪ್ರೊಸೆಸ್ ಸತ್ತದ್ದು. ಬೀಗ ಹಾಕಿದವರು ತೀರಿಕೊಂಡಿದ್ದಾರೆ, ಬಾಗಿಲಲ್ಲಿ ಮೂವರು ಕಾದು ನಿಂತಿದ್ದಾರೆ. ಸರಿಪಡಿಸಲು ಬೇಕಾದದ್ದು ಒಂದೇ ಸಾಲು.

ಕೊರತೆಗಳೂ ಇವೆ. ಲಾಕ್ ಹಿಡಿದವರನ್ನು ಇದು ತೋರಿಸಲಾರದು, ಕಾಯುವವರನ್ನಷ್ಟೇ; ಉಳಿದದ್ದು ನಮ್ಮ ತಲೆಯ ಕೆಲಸ. ಓಡುವ ಕರ್ನಲ್‌ನಲ್ಲಿ ನಾವು ಓದುತ್ತಿರುವಾಗಲೇ ಲಿಸ್ಟ್ ಬದಲಾಗಿ ಲೂಪ್ ತಪ್ಪಬಹುದು, ಮತ್ತೆ ಓಡಿಸಬೇಕು. ಅದೇ ಬಿಲ್ಡ್‌ನ ಡಿಬಗ್‌ಇನ್ಫೋ (ಕಂಪೈಲರ್ ಕೊಡುವ ವೇರಿಯಬಲ್, ಟೈಪ್‌ಗಳ ವಿವರ) ಇಲ್ಲದಿದ್ದರೆ ಇಷ್ಟೆಲ್ಲ ಸಾಧ್ಯವೇ ಆಗುತ್ತಿರಲಿಲ್ಲ, ಆದ್ದರಿಂದ ಬಿಲ್ಡ್ ಮಾಡಿದ ದಿನವೇ ಅದನ್ನು ಎತ್ತಿಡಿ. ಡಿ ಸ್ಟೇಟ್‌ನಲ್ಲಿರುವ ಎಲ್ಲರ ಸ್ಟ್ಯಾಕನ್ನು ಒಂದೇ ಏಟಿಗೆ ನೋಡಲು ನಾನು ಈಗಲೂ ಹಳೆಯ ‘ಕ್ರ್ಯಾಶ್’ ಟೂಲನ್ನೇ ತೆರೆಯುತ್ತೇನೆ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಆ ಹನ್ನೊಂದು ಸಾಲಿನ ಸ್ಕ್ರಿಪ್ಟ್ ಈಗ ನಮ್ಮ ಲ್ಯಾಬ್‌ನ ಎಲ್ಲ ಮಷೀನ್‌ಗಳಲ್ಲೂ ಇದೆ. 120 ಸೆಕೆಂಡಿನ ಆ ಸಂದೇಶ ಲಾಗ್‌ನಲ್ಲಿ ಕಂಡ ಕೂಡಲೇ ತಾನಾಗಿಯೇ ಓಡುತ್ತದೆ.