ತೂಕವನ್ನು ನಂಬಿ, ಕೊಬ್ಬಿನ ಲೆಕ್ಕ ಬಿಡಿ: ಎಂಐ ಬಾಡಿ ಕಾಂಪೊಸಿಷನ್ ಸ್ಕೇಲ್ 2

ಶಓಮಿ ಕಂಪನಿಯ ಈ ಸ್ಮಾರ್ಟ್ ತೂಕದ ಯಂತ್ರದ ಬಿಳಿ ಗಾಜಿನ ಹಲಗೆಯ ಮೇಲೆ ಬರಿಗಾಲಲ್ಲಿ ನಿಂತರೆ ಮೊಬೈಲಿನಲ್ಲಿ 13 ಲೆಕ್ಕಗಳು ಬಂದು ಕೂರುತ್ತವೆ. ತೂಕ, ಬಿಎಂಐ (ಎತ್ತರಕ್ಕೆ ತೂಕ ಎಷ್ಟೆಂಬ ಲೆಕ್ಕ), ಕೊಬ್ಬು, ಸ್ನಾಯು, ನೀರು, ಪ್ರೋಟೀನು, ಮೂಳೆ, ಅಷ್ಟು ಸಾಲದು ಎಂಬಂತೆ ‘ದೇಹದ ವಯಸ್ಸು’ ಕೂಡ. ಇಷ್ಟರಲ್ಲಿ ಯಂತ್ರ ನಿಜವಾಗಿ ಅಳೆಯುವುದು ಎರಡನ್ನೇ: ಒಂದು ನಿಮ್ಮ ತೂಕ, ಇನ್ನೊಂದು ಒಂದು ಪಾದದಿಂದ ಮತ್ತೊಂದಕ್ಕೆ ಹರಿಯುವ ಅತಿ ಸಣ್ಣ ವಿದ್ಯುತ್ತಿಗೆ ಮೈ ಒಡ್ಡುವ ತಡೆ. ಉಳಿದದ್ದೆಲ್ಲ ಆ್ಯಪ್ ಮಾಡುವ ಗುಣಾಕಾರ, ಭಾಗಾಕಾರ.

ತೂಕದ ಕೆಲಸವನ್ನು ಇದು ಚೆನ್ನಾಗಿ ಮಾಡುತ್ತದೆ. 150 ಕೆಜಿವರೆಗೆ ತೂಗುತ್ತದೆ, 50 ಗ್ರಾಂ ವ್ಯತ್ಯಾಸವನ್ನೂ ತೋರಿಸುತ್ತದೆ. ನಾಲ್ಕು ಎಎಎ ಬ್ಯಾಟರಿ ಸಾಕು. ಹಲಗೆಯ ಮೇಲೆ ಕಾಣುವುದು ತೂಕ ಮಾತ್ರ. ಬಾಕಿಯದಕ್ಕೆ ಫೋನು, ಬ್ಲೂಟೂತ್, ಆ್ಯಪ್ ಬೇಕು. ಮೊದಲು ‘ಎಂಐ ಫಿಟ್’ ಎಂದಿದ್ದ ಆ್ಯಪ್ ಈಗ ‘ಝೆಪ್ ಲೈಫ್’. ಹಳೆಯ ಆಂಡ್ರಾಯ್ಡ್ ಫೋನಿನಲ್ಲಿ ಸ್ಕೇಲ್ ಸಿಗುತ್ತಲೇ ಇಲ್ಲ ಅನ್ನುವವರು ಮೊದಲು ಲೊಕೇಶನ್ ಆನ್ ಇದೆಯೇ ನೋಡಿ. ಆಂಡ್ರಾಯ್ಡ್ 11ರವರೆಗೆ ಬ್ಲೂಟೂತ್ ಸಾಧನ ಹುಡುಕಲು ಲೊಕೇಶನ್ ಅನುಮತಿ ಕೊಡಲೇಬೇಕು.

ತೂಕ ತಪ್ಪು ಬಂದರೆ ಬಹಳಷ್ಟು ಸಲ ತಪ್ಪು ನೆಲದ್ದು. ಗಾಜಿನ ಕೆಳಗೆ ನಾಲ್ಕು ಮೂಲೆಗೂ ಒಂದೊಂದು ಕಾಲು, ಒಂದೊಂದು ಕಾಲಿಗೂ ಒಂದು ಸೆನ್ಸರ್. ನಾಲ್ಕೂ ಗಟ್ಟಿ ನೆಲದ ಮೇಲೆ ಸಮನಾಗಿ ಕೂತಿರಬೇಕು. ಕಾರ್ಪೆಟ್, ಚಾಪೆ, ಯೋಗ ಮ್ಯಾಟ್ ಯಾವುದೂ ಆಗದು. ಹಳೆಯ ರೆಡ್ ಆಕ್ಸೈಡ್ ನೆಲ, ಉಬ್ಬುತಗ್ಗಿನ ಕಡಪ ಕಲ್ಲು ಇದ್ದರೆ ಒಂದೊಂದು ಮೂಲೆಯನ್ನೂ ಬೆರಳಿನಿಂದ ಒತ್ತಿ ನೋಡಿ. ಕುಂಟಿದರೆ ಜಾಗ ಬದಲಿಸಿ. ಟೈಲ್ಸ್ ನೆಲವಾದರೆ ನಾಲ್ಕೂ ಕಾಲು ಒಂದೇ ಟೈಲಿನ ಮೇಲಿರಲಿ. ಜಾಗ ಬದಲಿಸಿದಾಗಲೆಲ್ಲ ಒಮ್ಮೆ ಕಾಲಿನಿಂದ ತಟ್ಟಿ, 0 ಬರುವವರೆಗೆ ಕಾದು ಆಮೇಲೆ ಹತ್ತಿ. ಗೋಡೆಗೆ ಒರಗಿಸಿ ನಿಲ್ಲಿಸಿಡುವವರ ಮನೆಯಲ್ಲಿ ಸೊನ್ನೆ ಜಾರುವುದು ಮಾಮೂಲು. ಮಂಚದ ಕೆಳಗೆ ಮಲಗಿಸಿ ತಳ್ಳಿಡಿ, ಮೇಲೆ ಏನನ್ನೂ ಹೇರಬೇಡಿ.

ಅಳತೆ ಸರಿಯಿದೆಯೇ ಎಂದು ಪರೀಕ್ಷಿಸಲು ಸೀಲ್ ಒಡೆಯದ 25 ಕೆಜಿ ಸೋನಾ ಮಸೂರಿ ಚೀಲ ಸಾಕು. ಮೊದಲು ನೀವೊಬ್ಬರೇ ನಿಲ್ಲಿ, ಆಮೇಲೆ ಚೀಲ ಎತ್ತಿಕೊಂಡು ನಿಲ್ಲಿ, ಮೊದಲಿನದನ್ನು ಕಳೆಯಿರಿ. ಖಾಲಿ ಚೀಲದ ತೂಕವೂ ಸೇರಿ 25ಕ್ಕಿಂತ ನೂರಿನ್ನೂರು ಗ್ರಾಂ ಹೆಚ್ಚು ಬಂದರೆ ಗಾಬರಿ ಬೇಡ. ಇನ್ನೊಂದು ಪರೀಕ್ಷೆ, ಇದು ಅಗ್ಗದ ಸ್ಕೇಲ್ ಕೊಳ್ಳುವವರಿಗೆ ಬಹಳ ಮುಖ್ಯ. ಕೆಲವು ಯಂತ್ರಗಳು ಹಿಂದಿನ ತೂಕವನ್ನು ನೆನಪಿಟ್ಟುಕೊಂಡು, ವ್ಯತ್ಯಾಸ ಸಣ್ಣದಾದರೆ ಅದೇ ಅಂಕಿಯನ್ನು ಮತ್ತೆ ತೋರಿಸಿಬಿಡುತ್ತವೆ. ಮೂರು ಸಲ ಹತ್ತಿದರೂ ಒಂದೇ ತೂಕ ಬಂತೆಂದು ಅಂಗಡಿಯಲ್ಲಿ ಖುಷಿಪಡುವ ಮೊದಲು, ಕಾಲು ಲೀಟರ್ ನೀರಿನ ಬಾಟಲಿ ಕೈಯಲ್ಲಿ ಹಿಡಿದು ನಾಲ್ಕನೇ ಸಲ ಹತ್ತಿ. ಅಂಕಿ ಕದಲದಿದ್ದರೆ ಆ ಯಂತ್ರ ಬೇಡ.

ಇನ್ನು ಕೊಬ್ಬಿನ ಲೆಕ್ಕ. ಸ್ನಾಯುವಿನಲ್ಲಿ ನೀರು, ಲವಣ ಹೆಚ್ಚಿರುವುದರಿಂದ ವಿದ್ಯುತ್ತು ಸಲೀಸಾಗಿ ಹರಿಯುತ್ತದೆ. ಕೊಬ್ಬಿನಲ್ಲಿ ನೀರು ಕಡಿಮೆ, ತಡೆ ಹೆಚ್ಚು. ತತ್ವ ಸರಿಯೇ. ಆದರೆ ವಿದ್ಯುತ್ತು ಹಿಡಿಯುವ ದಾರಿ ನೋಡಿ: ಒಂದು ಕಾಲಿನಲ್ಲಿ ಹತ್ತಿ, ಕಿಬ್ಬೊಟ್ಟೆಯ ತಳ ದಾಟಿ, ಇನ್ನೊಂದು ಕಾಲಿನಲ್ಲಿ ಇಳಿಯುತ್ತದೆ. ಹೊಟ್ಟೆಯ ಮೇಲ್ಭಾಗ, ಎದೆ, ತೋಳುಗಳ ಕಡೆಗೆ ಅದು ಹೋಗುವುದೇ ಇಲ್ಲ. ಅಲ್ಲಿ ಎಷ್ಟು ಕೊಬ್ಬಿದೆ ಎಂಬುದು ನೀವು ತುಂಬಿದ ಎತ್ತರ, ವಯಸ್ಸು, ಲಿಂಗ ನೋಡಿ ಆ್ಯಪ್ ಮಾಡುವ ಊಹೆ. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿರುವ ಮೈಕಟ್ಟು ನಮ್ಮಲ್ಲಿ ಎಷ್ಟು ಸಾಮಾನ್ಯ ಎಂದು ಗೊತ್ತಲ್ಲ? ಅಂಥವರ ಕಾಲನ್ನು ಅಳೆದು ಹೊಟ್ಟೆಯ ಬಗ್ಗೆ ಮಾತಾಡುತ್ತದೆ ಈ ಯಂತ್ರ. ‘ವಿಸರಲ್ ಫ್ಯಾಟ್’ (ಹೊಟ್ಟೆಯೊಳಗೆ ಅಂಗಗಳ ಸುತ್ತಲಿನ ಕೊಬ್ಬು) ಎಂದು ಬರುವ ಅಂಕಿಯಂತೂ ಊಹೆಯ ಮೇಲೆ ಕಟ್ಟಿದ ಊಹೆ.

ನಂಬಿಕೆ ಬಾರದಿದ್ದರೆ ಆ್ಯಪ್‌ನಲ್ಲಿ ನಿಮ್ಮ ಎತ್ತರವನ್ನು 5 ಸೆಂಟಿಮೀಟರ್ ಹೆಚ್ಚಿಸಿ ಮತ್ತೆ ಹತ್ತಿ. ಒಂದು ಗ್ರಾಂ ಕರಗದೆಯೂ ಕೊಬ್ಬಿನ ಶೇಕಡಾವಾರು ಬದಲಾಗುತ್ತದೆ. ಅಥವಾ ಅರ್ಧ ಲೀಟರ್ ನೀರು ಕುಡಿದು ತಕ್ಷಣ ಹತ್ತಿ. ತೂಕ ಅರ್ಧ ಕೆಜಿ ಏರಿದೆ. ನೀರು ಇನ್ನೂ ಹೊಟ್ಟೆಯಲ್ಲೇ ಇರುವುದರಿಂದ ಕಾಲಿನ ತಡೆ ಇದ್ದಷ್ಟೇ ಇದೆ. ಪಾಪ, ಲೆಕ್ಕ ಆ ನೀರನ್ನು ಕೊಬ್ಬಿನ ಖಾತೆಗೆ ಬರೆದುಕೊಳ್ಳುತ್ತದೆ. ಜೋರು ನಡಿಗೆ ಮುಗಿಸಿ ಬಂದ ಕೂಡಲೇ ನಿಂತರೆ ಕಾಲು ಬಿಸಿಯಾಗಿ ತಡೆ ತಗ್ಗಿರುತ್ತದೆ, ಕೊಬ್ಬು ಕಡಿಮೆಯಾದಂತೆ ತೋರುತ್ತದೆ. ಖುಷಿಗೆ ಅಡ್ಡಿಯಿಲ್ಲ, ನಂಬಬೇಡಿ. ಪಾದದ ಚರ್ಮವೂ ಆಟ ಆಡಿಸುತ್ತದೆ. ಒಡೆದ, ಒಣಗಿದ ಹಿಮ್ಮಡಿ ಇದ್ದವರಿಗೆ, ಎಣ್ಣೆಸ್ನಾನದ ದಿನ ಅಂಗಾಲಲ್ಲಿ ಎಣ್ಣೆ ಉಳಿದವರಿಗೆ ಅಂಕಿ ಏರುಪೇರಾಗುತ್ತದೆ, ಇಲ್ಲವೇ ಬರುವುದೇ ಇಲ್ಲ. ಒದ್ದೆ ಬಟ್ಟೆಯಲ್ಲಿ ಪಾದ ಒರೆಸಿಕೊಂಡು, ನಾಲ್ಕು ಲೋಹದ ಬಿಲ್ಲೆಗಳ ಮೇಲೆ ಹಿಮ್ಮಡಿ ಮತ್ತು ಮುಂಗಾಲು ಸರಿಯಾಗಿ ಊರಿ, ತೊಡೆಗಳು ಒಂದಕ್ಕೊಂದು ತಾಗದಂತೆ ನಿಂತರೆ ಅಂಕಿ ಬರುತ್ತದೆ.

ಮೂಳೆಯ ತೂಕ ತೋರಿಸುವುದನ್ನು ನೋಡಿ ಮೂಳೆ ಗಟ್ಟಿಯಿದೆ ಎಂದು ಸಮಾಧಾನಪಡುವುದು ತಪ್ಪು. ಮೂಳೆ ಸವೆತ ಗೊತ್ತಾಗುವುದು ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಎಂಬ ಎಕ್ಸ್-ರೇ ಸ್ಕ್ಯಾನಿನಲ್ಲಿ. ಪೇಸ್‌ಮೇಕರ್ ಇದ್ದವರು ಇಂಥ ಸ್ಕೇಲ್ ಹತ್ತಲೇಬಾರದು, ಗರ್ಭಿಣಿಯರಿಗೂ ಬೇಡ. ಅವರಿಗೆ ಆರೇಳು ನೂರು ರೂಪಾಯಿಯ ಮಾಮೂಲಿ ಡಿಜಿಟಲ್ ಸ್ಕೇಲ್ ಸಾಕು. ಮಕ್ಕಳಿಗೆ ತೂಕ ಮಾತ್ರ ನೋಡಿ.

ಹಾಗಾದರೆ ಸ್ಮಾರ್ಟ್ ಯಾಕೆ ಬೇಕು? ತೂಕದ ಏರಿಳಿತ ತೋರಿಸುವ ಗೆರೆಗಾಗಿ. ಬೆಳಗ್ಗೆ ಎದ್ದು, ಶೌಚ ಮುಗಿಸಿ, ಕಾಫಿಗೆ ಮೊದಲು, ಒಂದೇ ಬಗೆಯ ತೆಳು ಬಟ್ಟೆಯಲ್ಲಿ ಹತ್ತಿ ಇಳಿದರೆ ಬರೆದಿಡುವ ಕೆಲಸ ಆ್ಯಪ್‌ನದು. ತೂಕ ದಿನದಿಂದ ದಿನಕ್ಕೆ ಒಂದೆರಡು ಕೆಜಿ ಕುಣಿಯುವುದು ಸಹಜ. ಮದುವೆಮನೆಯ ಊಟದ ಮರುದಿನ ಉಪ್ಪು ನೀರನ್ನು ಹಿಡಿದಿಟ್ಟು ಅಂಕಿ ಏರುತ್ತದೆ. ಏಕಾದಶಿ ಉಪವಾಸದ ಮರುದಿನ ಇಳಿಯುತ್ತದೆ. ಅದು ಬಹುಪಾಲು ನೀರು. ದೇಹ ಕೂಡಿಟ್ಟ ಒಂದು ಗ್ರಾಂ ಗ್ಲೈಕೋಜನ್ (ಸಕ್ಕರೆಯ ದಾಸ್ತಾನು) ಜೊತೆಗೆ ಸುಮಾರು ಮೂರು ಗ್ರಾಂ ನೀರು ಇರುತ್ತದೆ, ಉಪವಾಸದಲ್ಲಿ ಎರಡೂ ಒಟ್ಟಿಗೆ ಹೊರಡುತ್ತವೆ. ಮುಟ್ಟಿನ ಮೊದಲಿನ ದಿನಗಳಲ್ಲೂ ಹೀಗೇ ನೀರು ನಿಲ್ಲುತ್ತದೆ. ಆದ್ದರಿಂದ ಇವತ್ತಿನ ಅಂಕಿಯನ್ನು ನಿನ್ನೆಯದಕ್ಕೆ ಹೋಲಿಸಬೇಡಿ. ಈ ವಾರದ ಏಳು ದಿನದ ಸರಾಸರಿಯನ್ನು ಕಳೆದ ವಾರದ ಸರಾಸರಿಗೆ ಹೋಲಿಸಿ. ತಿಂಗಳ ಗೆರೆ ಕೆಳಮುಖವಾಗಿದ್ದರೆ ನಡಿಗೆಯೂ ಊಟವೂ ಸರಿದಾರಿಯಲ್ಲಿವೆ.

ಮನೆಮಂದಿಯೆಲ್ಲ ಬಳಸುವಾಗ ಒಂದು ತೊಡಕಿದೆ. ಯಾರು ಹತ್ತಿದರು ಎಂದು ಯಂತ್ರ ಗುರುತಿಸುವುದು ಹಿಂದಿನ ತೂಕ ನೋಡಿ. ಗಂಡ ಹೆಂಡತಿ ಇಬ್ಬರದೂ ಎರಡು ಮೂರು ಕೆಜಿ ಅಂತರದಲ್ಲಿದ್ದರೆ ಒಬ್ಬರ ತೂಕ ಇನ್ನೊಬ್ಬರ ಖಾತೆಗೆ ಬೀಳುವ ಸಾಧ್ಯತೆ ಇದೆ. ಆ್ಯಪ್ ‘ಇದು ಯಾರದು’ ಎಂದು ಕೇಳಿದಾಗ ಸುಮ್ಮನೆ ಓಕೆ ಒತ್ತಬೇಡಿ.

ಬಿಎಂಐ ಬಣ್ಣಗಳ ಬಗ್ಗೆಯೂ ಎಚ್ಚರ ಬೇಕು. ಅಂತರರಾಷ್ಟ್ರೀಯ ಪಟ್ಟಿಯಂತೆ ನಡೆಯುವ ಆ್ಯಪ್‌ಗಳಲ್ಲಿ 24.5 ಬಂದರೂ ಹಸಿರು. ಭಾರತೀಯರಿಗೆ ವೈದ್ಯರು ಬಳಸುವ ಗೆರೆ ಬೇರೆ: 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು.

ಯಂತ್ರ ಮುಟ್ಟದ ಹೊಟ್ಟೆಯನ್ನು ಅಳೆಯಲು ದರ್ಜಿಯ ಟೇಪು ಇದೆ. ಪಕ್ಕೆಲುಬಿನ ಕೊನೆ ಮತ್ತು ಸೊಂಟದ ಮೂಳೆಯ ಮೇಲಂಚು, ಇವೆರಡರ ನಡುಮಧ್ಯದಲ್ಲಿ ಸುತ್ತಬೇಕು. ಪ್ಯಾಂಟು ಕಟ್ಟುವ ಜಾಗದಲ್ಲಲ್ಲ. ಉಸಿರು ಸಹಜವಾಗಿ ಬಿಟ್ಟಾಗ ಓದಿ, ಹೊಟ್ಟೆ ಒಳಗೆಳೆದು ಟೇಪಿಗೆ ಮೋಸ ಮಾಡಬೇಡಿ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ಎರಡು ವಾರಕ್ಕೊಮ್ಮೆ ಅಳೆದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದರೆ ಆಯಿತು. ಬಟ್ಟೆಯ ಟೇಪು ಬಳಸುತ್ತಾ ಹಿಗ್ಗುತ್ತದೆ, ಹಿಗ್ಗಿದ ಟೇಪು ಸೊಂಟವನ್ನು ಸಣ್ಣದಾಗಿ ತೋರಿಸುತ್ತದೆ. ವರ್ಷಕ್ಕೊಮ್ಮೆ ಸ್ಟೀಲ್ ಸ್ಕೇಲಿನ ಪಕ್ಕ ಹಿಡಿದು ನೋಡಿ, ಅಥವಾ ಟೈಲರಿಂಗ್ ಸಾಮಾನಿನ ಅಂಗಡಿಯಲ್ಲಿ ಫೈಬರ್‌ಗ್ಲಾಸ್ ಟೇಪನ್ನೇ ಕೇಳಿ ತನ್ನಿ.