ಉಕ್ಕಿನ ಟ್ಯಾಂಕಿನ ಹಳೇ ಎಪಾಕ್ಸಿ ಕೀಳಲು ಯಾವುದು ಸರಿ?

ದಪ್ಪ ಎಪಾಕ್ಸಿ ಪೇಂಟ್ ತೆಗೆಯುವ ವಿಧಾನಗಳಲ್ಲಿ ಬಹುತೇಕ ಎಲ್ಲವನ್ನೂ ಬಳಸಿ ನೋಡಿದ್ದೇನೆ. ಯಾವುದು ಬೇಗ ಎಂದು ಎಲ್ಲರೂ ಕೇಳುತ್ತಾರೆ. ನಾನು ನೋಡುವುದು ಪೇಂಟ್ ಹೋದ ಮೇಲೆ ಉಳಿಯುವ ಉಕ್ಕನ್ನು. ಹೊಸ ಪ್ರೈಮರ್, ಅಂದರೆ ಪೇಂಟಿನ ಮೊದಲ ಪದರ, ಕಚ್ಚಿಕೊಳ್ಳಬೇಕಾದದ್ದು ಅದಕ್ಕೇ.

ಗ್ರೈಂಡರಿಗೆ ವೈರ್ ಬ್ರಷ್ ಹಾಕಿ ಉಜ್ಜಿದರೆ ಪ್ಲೇಟು ಥಳಥಳಿಸುತ್ತದೆ. ಆ ಹೊಳಪನ್ನು ನಂಬಬೇಡಿ. ಪ್ರೈಮರ್ ಹಿಡಿದುಕೊಳ್ಳುವ ಒರಟು ಸವೆದು ನುಣುಪಾಗಿರುತ್ತದೆ, ಗುಳಿಗಳೊಳಗೆ ತುಕ್ಕು ಹಾಗೇ ಕೂತಿರುತ್ತದೆ. ಸಣ್ಣ ಪ್ಯಾಚಿಗೆ ಸಾಕು, ಅಷ್ಟೇ.

ಗಾರ್ನೆಟ್ ಎಂಬ ಗಟ್ಟಿ ಖನಿಜದ ಹರಳನ್ನು ಗಾಳಿಯ ಒತ್ತಡದಲ್ಲಿ ಚಿಮ್ಮಿಸುವ ಬ್ಲಾಸ್ಟಿಂಗಿಗೆ ನನ್ನ ಮೊದಲ ಮತ. ನಾಝಲ್‌ನಲ್ಲಿ 7 ಬಾರ್ ಒತ್ತಡ ಸಿಕ್ಕರೆ ಪೇಂಟು, ತುಕ್ಕು, ಮಿಲ್ ಸ್ಕೇಲ್ (ಉಕ್ಕು ತಯಾರಾಗುವಾಗಲೇ ಮೇಲೆ ಕೂತ ಕಪ್ಪು ಪದರ) ಒಟ್ಟಿಗೇ ಕಿತ್ತು ಬರುತ್ತವೆ. ಎಸ್‌ಎ 2½ ಮಟ್ಟದ ಸ್ವಚ್ಛತೆ (ಅಲ್ಲಲ್ಲಿ ನಸುಕಲೆ ಬಿಟ್ಟರೆ ಬರೀ ಉಕ್ಕು), ಜೊತೆಗೆ 50ರಿಂದ 75 ಮೈಕ್ರಾನ್ ಒರಟು. ಆ ಮೇಲ್ಮೈಯನ್ನು ಬರಿಗೈಯಲ್ಲಿ ಮುಟ್ಟಬಾರದು, ಬೆರಳಿನ ಜಿಡ್ಡು ಸಾಕು ಪ್ರೈಮರ್ ಕೆಡಿಸಲು. ಒರಟನ್ನು ಅಳೆಯಲು ಅದರ ಅಚ್ಚು ತೆಗೆಯುವ ರೆಪ್ಲಿಕಾ ಟೇಪ್ ಒತ್ತುತ್ತೇವೆ. ಗ್ರಿಟ್ (ಬ್ಲಾಸ್ಟಿಂಗಿನ ಹರಳು) ಬದಲು ಮರಳು ಮಾತ್ರ ಬೇಡವೇ ಬೇಡ, ಅದರ ಧೂಳು ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗ ತರುತ್ತದೆ. ಹಳೇ ಪೇಂಟಿನಲ್ಲಿ ಸೀಸವಿದೆಯೇ ಎಂಬುದನ್ನೂ ಮೊದಲೇ ಪರೀಕ್ಷಿಸಬೇಕು.

ಬ್ಲಾಸ್ಟಿಂಗಿಗೆ ಒಂದೇ ದೊಡ್ಡ ಕೊರತೆ: ಗುಳಿಯೊಳಗಿನ ಉಪ್ಪು ಅದಕ್ಕೆ ಹೋಗುವುದಿಲ್ಲ. ಕಡಲ ಗಾಳಿಗೆ ಒಡ್ಡಿಕೊಂಡ ಟ್ಯಾಂಕಿನಲ್ಲಿ ಸಂಜೆ ಬ್ಲಾಸ್ಟಿಂಗ್ ಮುಗಿದು ಬೂದುಬಣ್ಣಕ್ಕೆ ತಿರುಗಿದ ಪ್ಲೇಟು, ಬೆಳಗಾಗುವಷ್ಟರಲ್ಲಿ ಗುಳಿಗಳ ಸುತ್ತ ಕಪ್ಪುಚುಕ್ಕೆ. ಇಲ್ಲಿ ನೀರೇ ಗೆಲ್ಲುತ್ತದೆ. 2000 ಬಾರ್‌ಗೂ ಮಿಕ್ಕ ಒತ್ತಡದ ವಾಟರ್ ಜೆಟ್ ಗುಳಿಯಿಂದ ಉಪ್ಪನ್ನು ತೊಳೆದು ತೆಗೆಯುತ್ತದೆ, ಒಣ ಧೂಳೂ ಏಳುವುದಿಲ್ಲ. ಆದರೆ ಹೊಸ ಒರಟು ಮೂಡಿಸುವ ಶಕ್ತಿ ಅದಕ್ಕಿಲ್ಲ, ಹಳೆಯದನ್ನಷ್ಟೇ ತೆರೆದು ತೋರಿಸುತ್ತದೆ. ಒಣಗುವಾಗ ಹಳದಿ ಮಿಶ್ರಿತ ಫ್ಲ್ಯಾಶ್ ರಸ್ಟ್ (ದಿಢೀರನೆ ಹತ್ತುವ ತೆಳು ತುಕ್ಕು) ಬೇರೆ.

ಕೆಮಿಕಲ್ ರಿಮೂವರ್ ಗೇರ್‌ಬಾಕ್ಸ್, ಥ್ರೆಡ್‌ಗಳಂಥ ಕಡೆಗೆ, ಗ್ರಿಟ್ ಹೊಕ್ಕರೆ ಕೆಡುವ ಜಾಗಗಳಿಗೆ. ಬೆಂಜೈಲ್ ಆಲ್ಕೋಹಾಲ್ ಜೆಲ್ ನಿಧಾನ, ರಾತ್ರಿಯಿಡೀ ಬಿಟ್ಟರೆ ಎಪಾಕ್ಸಿ ಉಬ್ಬಿ ಸುಕ್ಕಾಗುತ್ತದೆ. ಮೆಥಿಲೀನ್ ಕ್ಲೋರೈಡ್ ಬೇಗ ಕೆಲಸ ಮಾಡುತ್ತದೆ ನಿಜ, ಆದರೆ ಅದರ ಆವಿ ಗಾಳಿಗಿಂತ ಭಾರ, ಟ್ಯಾಂಕಿನ ತಳದಲ್ಲಿ ನಿಂತು ಜೀವ ತೆಗೆಯುತ್ತದೆ. ಸಾಮಾನ್ಯ ಕಾರ್ಟ್ರಿಜ್ ಮಾಸ್ಕ್ ಅದನ್ನು ತಡೆಯುವುದಿಲ್ಲ. ನಾನದನ್ನು ಒಳಗೆ ಬಿಡುವುದೇ ಇಲ್ಲ.

ಲೇಸರಿನಿಂದ ಪೇಂಟ್ ಸುಟ್ಟು ತೆಗೆಯುವುದು ವೆಲ್ಡ್ ಅಂಚಿಗೆ ಬಹಳ ಚೆಂದ. ದಪ್ಪ ಎಪಾಕ್ಸಿಗೆ ತೀರಾ ನಿಧಾನ, ಹೊಗೆಯೂ ಹೆಚ್ಚು.

ಕಡಲ ಬದಿಯ ಟ್ಯಾಂಕಿಗೆ ಈಗ ನಾನು ಹೇಳುವ ಕ್ರಮ: ಮೊದಲು ನೀರು, ಆಮೇಲೆ ಉಪ್ಪಿನ ಪರೀಕ್ಷೆ, ಅದು ಪಾಸಾದರೆ ಗಾರ್ನೆಟ್, ಅದೇ ದಿನ ಪ್ರೈಮರ್.