ಸನ್ ಕೋರಲ್ ಟ್ಯಾಂಕಿಗೆ ಹಾಕಿದ ಡಿಸಿ ವೇವ್‌ಮೇಕರ್: ಐದು ತಿಂಗಳ ಅನುಭವ

ಮೈಸೂರಿನ ಕುವೆಂಪುನಗರದ ನಮ್ಮ ಮನೆ ಹಾಲ್‌ನಲ್ಲಿ ಮೂರಡಿಯ ಉಪ್ಪುನೀರಿನ ಟ್ಯಾಂಕ್ ಇದೆ, ಸುಮಾರು 180 ಲೀಟರ್. ಅದರಲ್ಲಿರುವ ಸನ್ ಕೋರಲ್ ಅನ್ನುವ ಹವಳಕ್ಕೋಸ್ಕರವೇ ಈ ವೇವ್‌ಮೇಕರ್, ಅಂದರೆ ಟ್ಯಾಂಕಿನೊಳಗೆ ನೀರನ್ನು ಅಲೆಯ ಹಾಗೆ ಓಡಾಡಿಸುವ ಪಂಪ್, ತರಿಸಿದ್ದು. ಗಂಟೆಗೆ 8,000 ಲೀಟರ್ ತಳ್ಳುತ್ತದೆ ಅಂತ ಡಬ್ಬಿ ಮೇಲಿದೆ. ಅಷ್ಟು ಬೇಡವೇ ಬೇಡ, ನಾನು 40 ಪರ್ಸೆಂಟ್ ದಾಟಿಸುವುದಿಲ್ಲ.

ಟ್ಯಾಂಕಿನಲ್ಲಿ ಸಾಕುವ ಹೆಚ್ಚಿನ ಹವಳಗಳ ಮೈಯೊಳಗೆ ಪಾಚಿ ಇರುತ್ತದೆ, ಬೆಳಕು ಬಿದ್ದರೆ ಅದೇ ಊಟ ಮಾಡಿಕೊಡುತ್ತದೆ. ಸನ್ ಕೋರಲ್‌ಗೆ ಆ ಪಾಚಿ ಇಲ್ಲ. ಎಷ್ಟು ದುಬಾರಿ ಲೈಟ್ ಹಾಕಿದರೂ ಹೊಟ್ಟೆ ತುಂಬಲ್ಲ. ಸಮುದ್ರದಲ್ಲಿ ಗುಹೆಯೊಳಗೆ, ಬಂಡೆಯ ಅಡಿಯಲ್ಲಿ ಬೆಳೆಯುವ ಜೀವ ಅದು. ನೀರು ಹೊತ್ತು ತಂದದ್ದನ್ನು ಹಿಡಿದು ತಿನ್ನಬೇಕು, ಮೈಮೇಲೆ ಕೂತ ಕಸವನ್ನೂ ನೀರೇ ತೊಳೆಯಬೇಕು.

ಹಳೇ ಪಂಪ್ ಒಂದೇ ದಿಕ್ಕಿಗೆ ಜೋರಾಗಿ ಹೊಡೆಯುತ್ತಿತ್ತು. ಎದುರಿಗಿದ್ದ ಪಾಲಿಪ್‌ಗಳು (ಹವಳದ ಹೂವಿನಂಥ ಒಂದೊಂದು ಬಾಯಿ) ಮುದುಡಿಕೊಂಡೇ ಇರುತ್ತಿದ್ದವು, ಹಿಂದುಗಡೆ ಕಸ ಕೂತು ಎರಡು ಕಡೆ ಮಾಂಸ ಹೋಗಿ ಬಿಳಿ ಗೂಡು ಕಾಣಿಸಿತು, ನೋಡಿ ಹೊಟ್ಟೆ ಉರಿಯಿತು. ಈ ಹೊಸದರಲ್ಲಿ ರ್‍ಯಾಂಡಮ್ ಮೋಡ್ ಇದೆ, ವೇಗ ಏರುತ್ತಾ ಇಳಿಯುತ್ತಾ ಇರುತ್ತದೆ. ಹವಳದ ಕಡೆ ತಿರುಗಿಸದೆ ಎದುರಿನ ಗಾಜಿಗೆ ಹೊಡೆಯುವಂತೆ ಕೂರಿಸಿದೆ, ನೀರು ಬಡಿದು ಚದುರಿ ಬರುತ್ತದೆ. ನಾಲ್ಕನೇ ರಾತ್ರಿ ಲೈಟ್ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಸಣ್ಣ ಟಾರ್ಚ್ ಹಿಡಿದರೆ ಪ್ರತಿ ಪಾಲಿಪ್ಪೂ ಚೆಂಡುಹೂವಿನ ಹಾಗೆ ಅರಳಿತ್ತು, ಹಿಂದಿನ ಸಾಲು ಕೂಡ!

ಊಟದ ಬಟನ್ ಒತ್ತಿದರೆ ಪಂಪ್ 10 ನಿಮಿಷ ನಿಲ್ಲುತ್ತದೆ. ಮೊದಲು ಫ್ರೋಜನ್ ಮೈಸಿಸ್ (ಸಿಗಡಿಯಂಥ ಪುಟ್ಟ ಜೀವಿ) ಕರಗಿಸಿದ ನೀರು ಸ್ವಲ್ಪ ಬಿಡುತ್ತೇನೆ, ಆ ವಾಸನೆಗೆ ಬಿಚ್ಚಿಕೊಳ್ಳುತ್ತವೆ. ಆಮೇಲೆ ಪಂಪ್ ನಿಲ್ಲಿಸಿ, ಪಿಪೆಟ್‌ನಲ್ಲಿ ಒಂದೊಂದು ಬಾಯಿಗೆ ಒಂದೊಂದು ಮೈಸಿಸ್. ಅವು ನಿಧಾನಕ್ಕೆ ಕೈ ಮಡಚಿ ನುಂಗುವಷ್ಟರಲ್ಲಿ ಪಂಪ್ ಶುರುವಾಗಿ ಅರ್ಧ ಹಾರಿಹೋಗುತ್ತದೆ. 20 ನಿಮಿಷ ಕೊಡಬೇಕಿತ್ತು ಅಲ್ವಾ?

ಇದಕ್ಕಿಂತ ದೊಡ್ಡ ತೊಂದರೆ ಕರೆಂಟಿನದು. ಮೇ ತಿಂಗಳ ಮಳೆಗೆ ಕರೆಂಟ್ ಹೋಗಿ ಬಂದಾಗಲೆಲ್ಲ ಸೆಟ್ಟಿಂಗ್ ಮರೆತು ಫುಲ್ ಸ್ಪೀಡಿನಲ್ಲಿ ಓಡುತ್ತಿತ್ತು. ಒಂದು ದಿನ ಮನೆಯಲ್ಲಿ ಯಾರೂ ಇರಲಿಲ್ಲ, ಸಂಜೆ ಬಂದು ನೋಡಿದರೆ ಮರಳೆಲ್ಲ ಹವಳದ ಮೇಲೆ. ಕಂಪನಿಗೆ ಬರೆದೆ, ಉತ್ತರ ಬಂದಿಲ್ಲ. ಈಗ ಇನ್ವರ್ಟರ್ ಲೈನಿಗೆ ಹಾಕಿದ್ದೇನೆ.

ಸದ್ದು ಇಲ್ಲ. ತಿಂಗಳಿಗೊಮ್ಮೆ ಬಿಚ್ಚಿ ನಿಂಬೆಉಪ್ಪಿನ ನೀರಲ್ಲಿ ನೆನೆಸಿದರೆ ಸುಣ್ಣ ಬಿಡುತ್ತದೆ. ಮೂರಡಿ, ನಾಲ್ಕಡಿ ಟ್ಯಾಂಕಿಗೆ ಧೈರ್ಯವಾಗಿ ತಗೊಳ್ಳಿ, ಇನ್ವರ್ಟರ್ ಇದ್ದರೆ ಮಾತ್ರ. ಎರಡಡಿಯದಕ್ಕೆ ಬೇಡ, ಕಡಿಮೆ ವೇಗದಲ್ಲೂ ಮರಳು ಎಬ್ಬಿಸುತ್ತದೆ.